ತೆಪ್ಪ ತಿರುಗಿಸಬೇಡಿ, ಸಾಗಲು ಬಿಡಿ

ಚಾಮರಾಜನಗರದವರೋ ಗುಂಡ್ಲುಪೇಟೆಯವರೋ ಬೇಸಿಗೆಯಲ್ಲಿ ಜಲಯಾನಕ್ಕೆ ಹೊರಟಿದ್ದೇವೆ ಎಂದರೆ ಕೇಳಿದವರು ನಗುತ್ತಾರೆ. ನಗಲು ಕಾರಣವೂ ಇದೆ. ಗುಂಡ್ಲುಪೇಟೆಗೆ ಹತ್ತಿರದ ಕಡಲೆಂದರೆ ಕೋಯಿಕ್ಕೋಡಿನದು. ಕಾಡು ದಾಟಿ, ವಯನಾಡಿನ ಘಟ್ಟ ಇಳಿದು, ನೂರೈವತ್ತು ಕಿಲೋಮೀಟರಿನ ಆಸುಪಾಸು ಹೋಗಬೇಕು. ಊರ ಹೆಸರಿನಲ್ಲೇ ಇರುವ ಗುಂಡ್ಲುಹೊಳೆ ಏಪ್ರಿಲ್ ಹೊತ್ತಿಗೆ ಹೊಳೆಯಾಗಿ ಉಳಿದಿರುವುದಿಲ್ಲ. ಅಟ್ಟುಗುಳಿಪುರದ ಬಳಿಯ ಸುವರ್ಣಾವತಿ ಜಲಾಶಯದಲ್ಲಿ ಆಗ ನೀರಿಗಿಂತ ನೀರು ಇಳಿದ ಗುರುತೇ ಎದ್ದು ಕಾಣುತ್ತದೆ.

ಆದರೆ ಈ ಎರಡು ಹೊಳೆಗಳೂ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತವೆ ಎಂದು ನೋಡಿ. ಗುಂಡ್ಲುಹೊಳೆ ನಂಜನಗೂಡಿನ ಬಳಿ ಕಪಿಲೆಗೆ, ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ. ಸುವರ್ಣಾವತಿಯಾದರೋ ಕೊಳ್ಳೇಗಾಲದ ಕಡೆ ಹರಿದು ತಾನೇ ಕಾವೇರಿಗೆ. ಆ ಕಾವೇರಿ ನಮ್ಮ ಜಿಲ್ಲೆಯ ಉತ್ತರದ, ಪೂರ್ವದ ಅಂಚುಗಳನ್ನು ಹಿಡಿದು ಶಿವನಸಮುದ್ರ, ಮೇಕೆದಾಟು ದಾಟಿ ಹೊಗೇನಕಲ್‌ವರೆಗೆ ಇಳಿಯುತ್ತದೆ. ಬರದ ಜಿಲ್ಲೆ ಎಂದು ಹೆಸರು ಕೆಡಿಸಿಕೊಂಡಿರುವ ನಮಗೆ ಬೇಸಿಗೆ ಯಾನಕ್ಕೆ ಇಷ್ಟು ನದಿ ಬೇಕಾದಷ್ಟಾಯಿತು. ದೋಣಿಯೂ ತಯಾರಿದೆ. ಪುಸ್ತಕದವರು ಹರಿಗೋಲು ಎನ್ನುತ್ತಾರೆ, ಹೊಗೇನಕಲ್ಲಿನ ತಮಿಳರು ಪರಿಸಲ್ ಎನ್ನುತ್ತಾರೆ, ನಮ್ಮ ಕಡೆ ಅದು ತೆಪ್ಪ. ಇಂಥ ಸೊಗಸಾದ ದೋಣಿಯನ್ನು ಹತ್ತು ನಿಮಿಷ ಗಿರಗಿರನೆ ತಿರುಗುವ ಆಟದ ಸಾಮಾನು ಮಾಡಿಕೊಂಡು, ಸೆಲ್ಫಿ ತೆಗೆದು, ದಡಕ್ಕೆ ಹತ್ತಿ ಮೀನು ತಿಂದು ಬರುವುದು ಈಗಿನ ರೂಢಿ. ಈ ವಾರದ ತಕರಾರು ಅದರ ಮೇಲೆಯೇ.

ಹಾಯಿ ಕಟ್ಟಿ ಬಂದರಿನಿಂದ ಬಂದರಿಗೆ ಸಾವಕಾಶವಾಗಿ ಸಾಗುವವರನ್ನು ನೋಡಿ ಕಲಿಯುವುದು ಇದೆ. ನಮ್ಮ ಕರಾವಳಿಯಲ್ಲಿ ಮಂಜಿ, ಮಚ್ವೆ ಎಂಬ ಹಾಯಿದೋಣಿಗಳ ಕಾಲದ ತಾಂಡೇಲರು, ಎಂದರೆ ದೋಣಿ ನಡೆಸುವ ಮುಖಂಡರು, ಗಡಿಯಾರ ನೋಡಿ ಲಂಗರು ಎತ್ತುತ್ತಿರಲಿಲ್ಲ, ಗಾಳಿ ನೋಡಿ ಎತ್ತುತ್ತಿದ್ದರು. ನೆಲ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಕಡಲು ಎರಡಕ್ಕೂ ನಿಧಾನ. ಹಾಗಾಗಿ ಮಳೆಗಾಲ ಕಳೆದ ಮೇಲೆ ಮುಂದಿನ ಮಳೆಗಾಲದವರೆಗೆ ಪಶ್ಚಿಮ ಕರಾವಳಿಯಲ್ಲಿ ರಾತ್ರಿಯಿಂದ ಬೆಳಗಿನ ಜಾವದವರೆಗೆ ನೆಲದಿಂದ ಕಡಲಿಗೆ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ನಸುಕಿನ ಗಾಳಿಯಲ್ಲಿ ಅಳಿವೆ ದಾಟುವುದು, ಇಳಿಹೊತ್ತಿನ ಗಾಳಿಯಲ್ಲಿ ಮುಂದಿನ ಬಂದರಿಗೆ ಸೇರಿಕೊಳ್ಳುವುದು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರ ಹೀಗೆ ಒಂದೊಂದೇ ದಾಟುತ್ತಿದ್ದರು. ಜೂನ್ ಬಂತೆಂದರೆ ಹಾಯಿ ಬಿಚ್ಚಿ ದಡಕ್ಕೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಈಗ ಎಂಜಿನ್ನಿನ ಮೇಲೆ ಓಡುತ್ತವೆ, ಆದರೂ ಮಳೆಗಾಲದ ರಜೆ ತಪ್ಪಿಲ್ಲ.

ಕಡಲಿನವರಿಗೆ ಗಾಳಿ ಏನೋ, ಕಾವೇರಿಯ ತೆಪ್ಪಕ್ಕೆ ಹರಿವು ಅದು. ಹರಿವಿನ ಲೆಕ್ಕ ಗಾಳಿಯಷ್ಟು ಗುಟ್ಟಿನದಲ್ಲ, ಪತ್ರಿಕೆಯಲ್ಲೇ ಬರುತ್ತದೆ. ಹೊಗೇನಕಲ್‌ಗಿಂತ ಮೇಲೆ, ಗಡಿಯಲ್ಲಿ ಬಿಳಿಗುಂಡ್ಲು ಎಂಬ ಜಾಗವಿದೆ. ಕರ್ನಾಟಕ ತಮಿಳುನಾಡಿಗೆ ಬಿಡುವ ನೀರನ್ನು ಕೇಂದ್ರ ಜಲ ಆಯೋಗ ಅಳೆಯುವುದು ಅಲ್ಲಿ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ವರ್ಷಕ್ಕೆ 177.25 ಟಿಎಂಸಿ ಅಡಿ. ತಿಂಗಳವಾರು ಹಂಚಿಕೆಯಲ್ಲಿ ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76 ಟಿಎಂಸಿ ಅಡಿ. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ತಲಾ 2.5 ಮಾತ್ರ. ಸೆಕೆಂಡಿನ ಲೆಕ್ಕಕ್ಕೆ ಇಳಿಸಿದರೆ ಆಗಸ್ಟಿನಲ್ಲಿ ಸರಾಸರಿ 17 ಸಾವಿರ ಕ್ಯೂಸೆಕ್, ಬೇಸಿಗೆಯ ತಿಂಗಳುಗಳಲ್ಲಿ ಸಾವಿರಕ್ಕೂ ಚೂರು ಕಡಿಮೆ. ನದಿ ಪ್ರತಿದಿನ ಕೋರ್ಟಿನ ಪಟ್ಟಿ ನೋಡಿಕೊಂಡು ಹರಿಯುವುದಿಲ್ಲ ನಿಜ. ಕೆಆರ್‌ಎಸ್, ಕಬಿನಿ ತುಂಬಿ ಗೇಟು ಎತ್ತಿದ ದಿನಗಳಲ್ಲಿ ಅದು ಲಕ್ಷ ಕ್ಯೂಸೆಕ್ಕನ್ನೂ ಮೀರುತ್ತದೆ. ಆಗ ಎರಡೂ ದಡದ ಆಡಳಿತದವರು ತೆಪ್ಪ ಇಳಿಸಬಾರದೆಂದು ಹುಕುಂ ಹೊರಡಿಸುತ್ತಾರೆ. ಎರಡು ರಾಜ್ಯಗಳು ದಶಕಗಟ್ಟಲೆ ಜಗಳಾಡಿ ಪಡೆದ ಈ ಅಂಕಿಗಳು ತೆಪ್ಪದ ರಸಿಕನಿಗೆ ಮಾತ್ರ ಪಂಚಾಂಗ. ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಶುಭ ಮುಹೂರ್ತ.

ಇಡೀ ನದಿಯಲ್ಲಿ ಒಂದೇ ಏಟಿಗೆ ತೇಲಿಕೊಂಡು ಹೋಗುತ್ತೇನೆಂದರೆ ಕಾವೇರಿ ಬಿಡುವುದಿಲ್ಲ. ಜಲಪಾತಗಳೂ ಕೊರಕಲುಗಳೂ ಅದನ್ನು ತುಂಡು ತುಂಡು ಮಾಡಿವೆ. ನಮ್ಮ ಪಾಲಿಗೆ ಮೂರು ತುಂಡುಗಳು.

ಮೊದಲನೆಯದು ಶಿವನಸಮುದ್ರದ ಮೇಲಿನ ಬಯಲು ನೀರು. ತಲಕಾಡು ದಾಟಿದ ಮೇಲೆ ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು, ದಾಸನಪುರ, ಹಂಪಾಪುರ, ಯಡಕುರಿಯದಂಥ ಊರುಗಳ ಮಗ್ಗುಲಲ್ಲಿ ನದಿ ಅಗಲವಾಗಿ, ಆತುರವಿಲ್ಲದೆ ಹರಿಯುತ್ತದೆ. ಮಳೆಗಾಲದಲ್ಲಿ ಪ್ರವಾಹದ ಸುದ್ದಿಯಲ್ಲಿ ಬರುವ ಊರುಗಳೇ ಇವು. ಬೇಸಿಗೆಯಲ್ಲಿ ಇಲ್ಲಿನ ನೀರು ಮಂಡಿಯುದ್ದ, ಸೊಂಟದುದ್ದ; ನಡುನಡುವೆ ಮರಳ ದಿಬ್ಬ, ದಡದಲ್ಲಿ ಭತ್ತದ ಗದ್ದೆ, ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು. ಹೊಸಬರು, ಮಕ್ಕಳು, ವಯಸ್ಸಾದವರು ಶುರು ಮಾಡಬೇಕಾದ್ದು ಇಂಥ ನೀರಿನಲ್ಲಿ. ತಲಕಾಡಿನ ದಡದಲ್ಲಿ ತೆಪ್ಪ ಬಾಡಿಗೆಗೂ ಸಿಗುತ್ತದೆ. ಭರಚುಕ್ಕಿ, ಗಗನಚುಕ್ಕಿಗಳ ನೆತ್ತಿಗೆ ಬಹಳ ಮೊದಲೇ ಇಳಿದುಬಿಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಎರಡನೆಯದು ಶಿವನಸಮುದ್ರದ ಕೆಳಗಿನ ಕಾಡಿನ ನೀರು. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ, ಅರ್ಕಾವತಿ ಬಂದು ಕೂಡುವ ಸಂಗಮ. ಎಡದಡ ಬೇರೆ ಜಿಲ್ಲೆಗಳದ್ದು, ಬಲದಡದ ಬಹುಪಾಲು ನಮ್ಮ ಕೊಳ್ಳೇಗಾಲ, ಹನೂರಿನದು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ ಇದನ್ನು ಸುತ್ತುವರಿದಿದೆ. ಮಶೀರ್ ಮೀನಿನ ಬೇಟೆಗಾಗಿ ಹಿಂದೆ ವಿದೇಶೀಯರು ಹುಡುಕಿಕೊಂಡು ಬರುತ್ತಿದ್ದದ್ದು ಈ ಮಡುಗಳಿಗೇ. ಹೊಳೆಮತ್ತಿಯ ಸಾಲು, ಬಂಡೆ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ, ಸಂಸಾರ ಸಮೇತ ಈಜುವ ನೀರುನಾಯಿ, ಮರಳ ಮೇಲೆ ಬಾಯಿ ತೆರೆದು ಬಿದ್ದುಕೊಂಡ ಮೊಸಳೆ ಎಲ್ಲವೂ ಸಿಗುತ್ತವೆ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಇಲ್ಲಿ ಯಾನವಿಲ್ಲ, ಜಂಗಲ್ ಲಾಡ್ಜಸ್‌ನಂಥ ಶಿಬಿರಗಳ ಮೂಲಕ ಹೋಗುವುದೇ ಸರಿಯಾದ ದಾರಿ. ನೀರಿಗೆ ಕೈ ಇಳಿಬಿಟ್ಟುಕೊಂಡು ಕೂರುವ ಚಟವನ್ನು ಇಲ್ಲಿಯಂತೂ ಬಿಟ್ಟುಬಿಡಿ.

ಮೂರನೆಯದು ಹೊಗೇನಕಲ್ಲಿನ ಕೊರಕಲು. ಗುಂಡ್ಲುಪೇಟೆಯಿಂದ ಹೊರಟರೆ ತೆರಕಣಾಂಬಿ, ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಪಾಲಾರ್ ಇಳಿದು ಗೋಪಿನಾಥಂ ಮೇಲೆ ಹೋಗುವುದು ನನಗೆ ಇಷ್ಟದ ದಾರಿ. ವೀರಪ್ಪನ್ ಹುಟ್ಟಿದ ಊರು, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರಲ್ಲಿ ಪ್ರಾಣ ಕೊಟ್ಟ ಸೀಮೆ ಎಂದಷ್ಟೇ ಜನಕ್ಕೆ ಗೊತ್ತಿದ್ದ ಗೋಪಿನಾಥಂ ಈಗ ಪ್ರವಾಸಿಗರ ತಂಗುದಾಣ. ಹೊಗೇನಕಲ್ಲಿನಲ್ಲಿ ನದಿ ಕವಲೊಡೆದು ಬಂಡೆಗಳಿಂದ ಧುಮುಕಿ, ಆಮೇಲೆ ಎರಡೂ ಬದಿ ಗೋಡೆ ಎದ್ದ ಓಣಿಯೊಳಗೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಇಣುಕಲೂ ಹೆದರಿಕೆಯಾಗುವ ಈ ಓಣಿಯೊಳಗೆ ಬೇಸಿಗೆಯಲ್ಲಿ ತೆಪ್ಪ ಹೋಗುತ್ತದೆ. ಅದರಾಚೆ ನೀರು 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಕಡೆಗೆ ಸಾಗುತ್ತದೆ. ಮೂರರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಮತ ಮೊದಲನೆಯದಕ್ಕೇ. ಕಣ್ಣಿಗೆ ಹಬ್ಬ ಹೊಗೇನಕಲ್ಲಿನದು, ಆದರೆ ಸಾವಧಾನದ ಯಾನದ ರುಚಿ ಕೊಳ್ಳೇಗಾಲದ ಬಯಲು ನೀರಿನಲ್ಲಿ ಚೆನ್ನಾಗಿ ಹತ್ತುತ್ತದೆ. ಅಲ್ಲಿ ನೋಡಲೇಬೇಕಾದ್ದು ಅಂತ ಏನೂ ಇಲ್ಲದಿರುವುದರಿಂದ ಎಲ್ಲವನ್ನೂ ನೋಡುತ್ತೇವೆ.

ಇನ್ನು ದೋಣಿಯ ಮಾತು. ತೆಪ್ಪ ಕಟ್ಟುವುದನ್ನು ಒಮ್ಮೆ ಕೂತು ನೋಡಬೇಕು. ಬಿದಿರು ಸೀಳಿ ದಬ್ಬೆ ಮಾಡಿಕೊಂಡು, ನೆಲದ ಮೇಲೆ ಹಾಸಿ, ಅಡ್ಡ-ಓರೆಯಾಗಿ ಹೆಣೆದು ಮೊದಲು ತಳ ಮಾಡುತ್ತಾರೆ. ನಡುವೆ ಭಾರ ಹೇರಿ, ಸುತ್ತಲೂ ಚಾಚಿಕೊಂಡ ದಬ್ಬೆಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸುತ್ತಾರೆ. ಬಾಯಿಯ ಸುತ್ತ ದಬ್ಬೆಗಳ ಕಂತೆ ಕಟ್ಟಿ ಬಿಗಿದರೆ ಅಸ್ಥಿಪಂಜರ ಮುಗಿಯಿತು. ಹೊರಮೈಗೆ ಹಿಂದೆ ಎಮ್ಮೆ ಚರ್ಮ ಹೊಲಿಯುತ್ತಿದ್ದರು, ನೀರಿನಲ್ಲಿ ನೆನೆದು ಕೊಳೆಯದಂತೆ ಆಗಾಗ ಮೇಲೆತ್ತಿ ಒಣಗಿಸಬೇಕಿತ್ತು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಯಿಸಿದ ಡಾಂಬರು. ಸೋರುತ್ತಿದೆಯೆಂದರೆ ತೆಪ್ಪದವರು ಅದನ್ನು ಮಗುಚಿ ಹಾಕಿ, ತಾವು ಒಳಗೆ ನುಸುಳಿ ಕುಕ್ಕರಗಾಲಲ್ಲಿ ಕೂತು ತಲೆ ಎತ್ತುತ್ತಾರೆ. ತೂತು ಇದ್ದಲ್ಲಿ ಬಿಸಿಲು ಚುಕ್ಕಿಯಾಗಿ ಕಾಣುತ್ತದೆ. ಒಳಗಿನಿಂದಲೇ ಬೆರಳಲ್ಲಿ ತಟ್ಟಿ ತೋರಿಸಿದರೆ ಹೊರಗೆ ನಿಂತ ಹುಡುಗ ಅಲ್ಲಿಗೆ ಡಾಂಬರು ಅದ್ದಿದ ಬಟ್ಟೆಚೂರು ಒತ್ತುತ್ತಾನೆ. ಈಚೆಗೆ ಫೈಬರ್ ತೆಪ್ಪಗಳೂ ಬಂದಿವೆ. ಸೋರುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಬಿದಿರಿನದು ಬಂಡೆಗೆ ಉಜ್ಜಿದಾಗ ತುಸು ಬಳುಕಿ ಜಾರಿಕೊಳ್ಳುತ್ತದೆ, ಫೈಬರಿನದು ಗಡಕ್ಕನೆ ಬಡಿಯುತ್ತದೆ. ಆರಿಸುವ ಅವಕಾಶವಿದ್ದರೆ ಬಿದಿರನ್ನೇ ಆರಿಸಿ.

ಈ ದೋಣಿಗೆ ಮುಂದು ಹಿಂದು ಇಲ್ಲ, ತಳದಲ್ಲಿ ದಿಂಡು ಇಲ್ಲ, ಚುಕ್ಕಾಣಿ ಇಲ್ಲ. ನಾಲ್ಕು ಜನ ಕೂತರೂ ಗೇಣಿನಷ್ಟು ನೀರು ಸಾಕು. ಕಲ್ಲು, ಮರಳು, ಹೊಂಡ ತುಂಬಿದ ಬೇಸಿಗೆಯ ಕಾವೇರಿಗೆ ಇದಕ್ಕಿಂತ ತಕ್ಕ ದೋಣಿಯಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ತೊಗಲು ಹೊದಿಸಿದ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರಂತೆ, ಕುದುರೆ ಎತ್ತುಗಳೂ ದಾಟುತ್ತಿದ್ದವಂತೆ. ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ ಎಂಬುದೂ ಅವನ ಟಿಪ್ಪಣಿ. ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ಏರಿಹೋದಾಗ ಸೈನ್ಯ ನದಿ ದಾಟಿಸಲು ನೆಚ್ಚಿಕೊಂಡದ್ದು ಇವನ್ನೇ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ತೆಪ್ಪಗಳ ಮೇಲೆ 1933ರಲ್ಲಿ ಪ್ರಬಂಧವನ್ನೇ ಬರೆದರು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದ್ದರಿಂದ ನಮ್ಮ ಈ ದಡವೂ ಅವರ ಇಲಾಖೆಯ ಸರಹದ್ದಿನಲ್ಲೇ ಇತ್ತು.

ಇವಕ್ಕಿಂತ ಬಹಳ ಹಳೆಯ ವರ್ಣನೆ ಗ್ರೀಕರ ಹೆರೊಡೊಟಸ್‌ನದು, ಕ್ರಿಸ್ತಪೂರ್ವ ಐದನೆಯ ಶತಮಾನದ್ದು. ಅರ್ಮೇನಿಯದ ಕಡೆಯಿಂದ ಬ್ಯಾಬಿಲೋನಿಗೆ ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಸರಕು ಬರುತ್ತಿತ್ತು. ಪ್ರತಿ ದೋಣಿಯಲ್ಲೂ ಒಂದಾದರೂ ಕತ್ತೆ ಇರುತ್ತಿತ್ತು. ಹರಿವಿಗೆ ಎದುರಾಗಿ ಮೇಲೆ ಹೋಗುವುದು ಸಾಧ್ಯವಿಲ್ಲವಾದ್ದರಿಂದ ವ್ಯಾಪಾರಿಗಳು ಬ್ಯಾಬಿಲೋನಿನಲ್ಲಿ ಸರಕಿನ ಜೊತೆ ದೋಣಿಯ ಕಡ್ಡಿಗಳನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ವಾಪಸಾಗುತ್ತಿದ್ದರು. ನಮ್ಮ ತೆಪ್ಪದವರಿಗೆ ಕತ್ತೆಯ ಅನುಕೂಲವಿಲ್ಲ. ಎದುರು ಹರಿವು ಜೋರಾಗಿದ್ದರೆ ತೆಪ್ಪವನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಬಂಡೆ ಹಾರಿ ಮೇಲಿನ ಕಡವಿಗೆ ಅವರೇ ನಡೆಯಬೇಕು.

ಪಾಯಸ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಸುಮ್ಮನೆ ಬಿಟ್ಟರೆ ತೆಪ್ಪ ತಿರುಗುತ್ತದೆ. ಅದನ್ನು ತಿರುಗದಂತೆ ಒಯ್ಯುವುದೇ ವಿದ್ಯೆ. ಒಳ್ಳೆಯ ತೆಪ್ಪದವರು ಹೋಗುವ ದಿಕ್ಕಿಗೆ ಮುಖ ಮಾಡಿ ಕೂತು, ಒಂದೇ ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತಾರೆ. ಒಮ್ಮೆ ತುಸು ಎಡಕ್ಕೆ, ಒಮ್ಮೆ ತುಸು ಬಲಕ್ಕೆ. ಎಡಕ್ಕೆ ಹಾಕಿದ ಹುಟ್ಟು ಕೊಟ್ಟ ತಿರುವನ್ನು ಬಲಕ್ಕೆ ಹಾಕಿದ್ದು ಅಳಿಸುತ್ತದೆ, ಉಳಿಯುವುದು ಮುನ್ನಡೆ ಮಾತ್ರ. ಕೂತವರಿಗೆ ತೆಪ್ಪ ತಲೆಯಾಡಿಸಿದಷ್ಟು ಸಣ್ಣಗೆ ಅತ್ತಿತ್ತ ಆಗುವುದು ಗೊತ್ತಾಗುತ್ತದೆ, ಅಷ್ಟೇ. ಮುಂದೆ ನೀರಿನ ಮೈ ನಯವಾಗಿ ಉಬ್ಬಿದ್ದರೆ ಕೆಳಗೆ ಕಲ್ಲಿದೆ, ಬಾಣದ ತುದಿಯಂತೆ ಸೀಳಿದ್ದರೆ ಅದರ ಮಗ್ಗುಲಲ್ಲಿ ದಾರಿಯಿದೆ. ಇದನ್ನು ಅವರು ಮಾತಿಲ್ಲದೆ ಓದಿಕೊಳ್ಳುತ್ತಾರೆ. ಇಂಥ ಕೈಗೆಲಸವನ್ನು ಗಂಟೆಗಟ್ಟಲೆ ನೋಡುವ ಅವಕಾಶ ಬಿಟ್ಟು ಗಿರಕಿ ಹೊಡೆಸಿಕೊಂಡು ಕಿರುಚಿ ಬರುವವರನ್ನು ಕಂಡರೆ ನನಗೆ ಮರುಕ.

ಕೂರುವುದರಲ್ಲೂ ಕ್ರಮವಿದೆ. ಹತ್ತುವಾಗ ಅಂಚಿಗೆ ಕಾಲಿಡಬಾರದು, ನಡುವಿಗೇ ಇಡಬೇಕು. ಆಮೇಲೆ ಭಾರ ಹೊಂದಿಸುವುದು ತೆಪ್ಪದವರ ಅಧಿಕಾರ, ಅಲ್ಲಿ ಮುಲಾಜಿಲ್ಲ. ಒಮ್ಮೆ ನನಗೆ ಹೀಗೆ ಅಪ್ಪಣೆಯಾಯಿತು: "ಸಾ, ನೀವು ಒಸಿ ದಪ್ಪ ಇದೀರಿ, ನನ್ ಎದ್ರುಗೆ ಬನ್ನಿ. ಅಮ್ಮಾರು ಈ ಕಡೆ ಕೂತ್ಕಳಿ. ಮಗ ಮಧ್ಯದಲ್ಲಿರ್ಲಿ. ಯಾರೂ ಎದ್ದು ಓಡಾಡಂಗಿಲ್ಲ." ಒಪ್ಪಿಕೊಂಡು ಕೂತೆ. "ಯಜಮಾನ್ರೇ, ತಿರುಗಿಸೋದು ಬೇಡ, ನೆಟ್ಟಗೆ ಕೆಳಗಿನ ಕಡವಿನವರೆಗೆ ಹೋಗೋಣ" ಎಂದಾಗ ಅವರು ಹುಟ್ಟು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದರು. "ತಿರುಗಿಸ್ದೇ ಇದ್ರೆ ದುಡ್ಡು ವಸೂಲಾಗ್ನಿಲ್ಲ ಅಂತಾರೆ ಸಾ ಜನ. ಅದ್ಕೇ ಈಗಿನ್ ಹುಡುಗ್ರಿಗೆ ತಿರುಗಿಸೋದು ಬಿಟ್ರೆ ಬೇರೇದು ಬರಕಿಲ್ಲ."

ನನ್ನ ತಕರಾರಿನ ಸಾರವೆಲ್ಲ ಈ ಮಾತಿನಲ್ಲಿದೆ. ಕೊಳ್ಳುವವರು ಏನು ಕೇಳುತ್ತಾರೋ ಮಾರುವವರು ಅದನ್ನೇ ಕಲಿಯುತ್ತಾರೆ. ಗಿರಕಿಗೆ ನೀರು ಓದುವ ಕಣ್ಣು ಬೇಕಿಲ್ಲ, ಕಲ್ಲು ಯಾವುದು, ಮಡು ಯಾವುದು, ಯಾವ ಕವಲಿನಲ್ಲಿ ಮೇ ತಿಂಗಳಲ್ಲೂ ನೀರು ಇರುತ್ತದೆ ಎಂಬ ಜ್ಞಾನ ಬೇಕಿಲ್ಲ. ದಡದಿಂದ ಐವತ್ತು ಅಡಿ ಒಳಗೆ ಹೋಗಿ ಹುಟ್ಟನ್ನು ಒಂದೇ ಕಡೆ ಹಾಕಿದರೆ ಮುಗಿಯಿತು. ಕಡವಿಗೆ ಸೇತುವೆ ಬಂದು ಜನ ದಾಟಿಸುವ ಕೆಲಸ ಹೋಯಿತು. ಈಗ ಈ ವಿದ್ಯೆ ಉಳಿಯುವುದಿದ್ದರೆ ವಿಹಾರಕ್ಕೆ ಬರುವವರಿಂದಲೇ ಉಳಿಯಬೇಕು.

ಹಾಗಾದರೆ ಹೇಗೆ ಹೋಗಬೇಕು? ಹೊತ್ತು ಹುಟ್ಟುವಾಗ ನೀರಿಗಿಳಿದು ಒಂಬತ್ತರೊಳಗೆ ದಡ ಸೇರಿ. ಇಲ್ಲವೇ ನಾಲ್ಕರ ಮೇಲೆ ಇಳಿದು ಬೆಳಕಿರುವಾಗಲೇ ಹತ್ತಿ. ನಡುಮಧ್ಯಾಹ್ನ ಹೊಗೇನಕಲ್ಲಿನ ಬಂಡೆಗಳು ಕಾದು ಝಳ ಹೊಡೆಯುತ್ತವೆ, ತೆಪ್ಪದ ಡಾಂಬರು ಮೆತ್ತಗಾಗಿ ಬಟ್ಟೆಗೆ ಅಂಟುತ್ತದೆ. ಆದ್ದರಿಂದ ಒಳ್ಳೆ ಪ್ಯಾಂಟು ಬೇಡ, ಹಳೇ ಲುಂಗಿ, ಚೂಡಿದಾರವೇ ವಾಸಿ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಏಳುತ್ತದೆ. ಪಡುವಣದಲ್ಲಿ ಮೋಡ ಕಪ್ಪಾದರೆ ಎಷ್ಟೇ ದುಡ್ಡು ಕೊಟ್ಟಿದ್ದರೂ ದಡಕ್ಕೆ ಹತ್ತಿಬಿಡಿ. ತೆಪ್ಪವೊಂದಕ್ಕೆ ನಾಲ್ಕು ಜನ ಮೀರಬಾರದು. ಲೈಫ್ ಜಾಕೆಟ್ ಇಲ್ಲವೆಂದರೆ ಯಾನವೂ ಇಲ್ಲ, ಈಜು ಬಂದರೂ ಅಷ್ಟೇ. ಹರಿವು ಎಷ್ಟಿದೆ ಎಂದು ತೆಪ್ಪದವರನ್ನೇ ಕೇಳಿ, ಅವರು ಬೇಡವೆಂದ ದಿನ ವಾದ ಮಾಡಬೇಡಿ.

ಬುತ್ತಿ ಕಟ್ಟಿಕೊಂಡು ಹೋಗಿ. ಮೊಸರನ್ನ, ಮಾವಿನಕಾಯಿ ಚಿತ್ರಾನ್ನ, ಬೇಯಿಸಿದ ಕಡಲೆಕಾಯಿ ಇದ್ದರೆ ಸಾಕು. ಹೊಗೇನಕಲ್ಲಿನ ದಡದಲ್ಲಿ ಹೆಂಗಸರು ಮೀನಿಗೆ ಖಾರ ಸವರಿ ಕಣ್ಣೆದುರೇ ಕರಿದು ಕೊಡುತ್ತಾರೆ. ಅದು ಇಳಿದ ಮೇಲಿನ ಭಾಗ್ಯ, ತೆಪ್ಪದೊಳಗೆ ಎಣ್ಣೆ ಪೊಟ್ಟಣ ಬಿಚ್ಚುವುದು ಬೇಡ. ಮೊಬೈಲಿನ ಹಾಡನ್ನು ಗಾಡಿಯಲ್ಲೇ ಬಿಟ್ಟರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಿವಿ ಸೂಕ್ಷ್ಮವಾಗುತ್ತದೆ. ದಬ್ಬೆಗಳು ಒಂದಕ್ಕೊಂದು ಉಜ್ಜುವ ಕಿರಗುಟ್ಟು, ತಳಕ್ಕೆ ತಾಗುವ ಮರಳಿನ ಸರಸರ, ಮುಂದೆಲ್ಲೋ ಕಲ್ಲುಗಳ ನಡುವೆ ನೀರು ಇಳಿಯುವ ಸದ್ದು ಬೇರೆ ಬೇರೆಯಾಗಿ ಕೇಳತೊಡಗುತ್ತವೆ.

ಕೊನೆಯದು ಬಾಡಿಗೆ. ಇಲ್ಲೇ ರಸಿಕ ಯಾರು, ಗಿರಾಕಿ ಯಾರು ಎಂಬುದು ತಿಳಿಯುವುದು. ತಲೆಗಿಷ್ಟು, ಸುತ್ತಿಗಿಷ್ಟು ಎಂದು ಚೌಕಾಶಿ ಮಾಡಬೇಡಿ. ಸರ್ಕಾರಿ ದರ ಬರೆದು ಹಾಕಿರುವ ಕಡೆ ಅದನ್ನು ಕೊಡಿ. ಉಳಿದ ಕಡೆ ಈ ಕಡವಿನಿಂದ ಆ ಕಡವಿಗೆ, ಇಷ್ಟು ಹೊತ್ತಿಗೆ, ಇಷ್ಟು ದುಡ್ಡು ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ನೀವು ಕೆಳಗಿನ ಕಡವಿನಲ್ಲಿ ಇಳಿದು ಗಾಡಿ ಹತ್ತುತ್ತೀರಿ, ತೆಪ್ಪದವರು ಹೆರೊಡೊಟಸ್‌ನ ಕತ್ತೆಯ ಪಾಲಿನ ಕೆಲಸವನ್ನು ಬಿಸಿಲಲ್ಲಿ ತಾವೇ ಮಾಡುತ್ತಾರೆ. ಹೋಗುವ ದಾರಿಗೆ ಎಷ್ಟು ಕೊಟ್ಟಿರೋ ಹೊತ್ತು ತರುವ ದಾರಿಗೂ ಅಷ್ಟು ಕೊಡಿ, ಅಥವಾ ಗಾಡಿಯ ಮೇಲೆ ತೆಪ್ಪ ಕಟ್ಟಿ ಅವರನ್ನು ಮೇಲಿನ ಕಡವಿಗೆ ಬಿಟ್ಟು ಬನ್ನಿ. ನೆಟ್ಟಗೆ ಒಯ್ಯುವವರಿಗೆ ತಿರುಗಿಸುವವರಿಗಿಂತ ಹೆಚ್ಚು ಸಿಗುತ್ತದೆ ಎಂದು ಗೊತ್ತಾದರೆ ಮುಂದಿನ ಬೇಸಿಗೆಗೆ ಆ ಹುಡುಗರೂ ನೀರು ಓದುವುದನ್ನು ಕಲಿಯುತ್ತಾರೆ. ಈ ಬೇಸಿಗೆಯಲ್ಲಿ ಇನ್ನೂ ಕೆಲವು ವಾರ ಉಳಿದಿದೆ, ಕಬಿನಿ ತುಂಬುವ ಮುಂಚೆ ಹೋಗಿ ಬನ್ನಿ.